ಗೀಜರನ್ನು ಬೈಯುವ ಮೊದಲು ನೀರನ್ನು ನೋಡಿ

ಚಳಿ ಶುರುವಾಗುತ್ತಿದ್ದಂತೆ ಬಳ್ಳಾರಿಯ ಮನೆಮನೆಯಲ್ಲೂ ಒಂದೇ ದೂರು: ಗೀಜರ್ ಹಾಕಿ ಅರ್ಧ ಗಂಟೆಯಾಯಿತು, ನೀರಿನ್ನೂ ಉಗುರುಬೆಚ್ಚಗೇ ಇದೆ. ಆಮೇಲೆ ನೀವು ಮಾಡುವ ಕೆಲಸವೂ ಒಂದೇ. ಸ್ಟೂಲ್ ಹತ್ತಿ ನಾಬನ್ನು ಕೊನೆಯವರೆಗೆ ತಿರುಗಿಸಿಬಿಡುತ್ತೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ! ನೀರು ಎಷ್ಟು ಕಾದ ಮೇಲೆ ಕರೆಂಟ್ ನಿಲ್ಲಬೇಕು ಎಂಬುದಷ್ಟೇ ಆ ನಾಬಿನ ಕೈಯಲ್ಲಿರುವುದು. ಅದನ್ನು ತಿರುಗಿಸಿದರೆ ನೀರು ಬೇಗ ಕಾಯುವುದಿಲ್ಲ.

ಮೊದಲು ನಿಮ್ಮ ನೀರು ಎಂಥದು ನೋಡಿಕೊಳ್ಳಿ. ಊರಿಗೆ ಅಲ್ಲೀಪುರದ ಕೆರೆಯಿಂದ ತುಂಗಭದ್ರೆಯ ನೀರು ಬರುತ್ತದೆ ನಿಜ, ಆದರೆ ದಿನವೂ ಬಿಡುವುದಿಲ್ಲ. ನಡುವಿನ ದಿನಗಳಿಗೆ ಬೋರ್ ನೀರು, ಇಲ್ಲವೇ ಟ್ಯಾಂಕರ್. ಸಿರುಗುಪ್ಪದ ಕಡೆ ಭತ್ತದ ಗದ್ದೆಗಳ ನಡುವೆ ನೆಲ ಹೇಗೆ ಸವಳು ಹತ್ತಿದೆ ಎಂದು ಅಲ್ಲಿನವರಿಗೆ ನಾನು ಹೇಳಬೇಕಿಲ್ಲ. ಕುರುಗೋಡಿನಲ್ಲಿ ಕಲ್ಲುಗುಡ್ಡದ ಬುಡದಲ್ಲೇ ಬೋರ್ ಕೊರೆಸಿದವರಿದ್ದೀರಿ. ನಳದ ಬಾಯಿಗೆ ಬಿಳಿ ಕರೆ ಕಟ್ಟುತ್ತಿದ್ದರೆ, ಸೋಪು ಹಚ್ಚಿದರೆ ನೊರೆ ಬರದಿದ್ದರೆ, ಅದು ಗಡಸು ನೀರು. ಅದರಲ್ಲಿ ಕರಗಿರುವ ಸುಣ್ಣದಂಶ ಕಾದಾಗ ಬೇರ್ಪಟ್ಟು ಕಾಯಿಲ್ ಮೇಲೆ ಕೂರುತ್ತದೆ. ಕಾಯಿಲಿಗೆ ಕಂಬಳಿ ಹೊದಿಸಿದ ಹಾಗಾಗುತ್ತದೆ. ಶಾಖ ನೀರಿಗೆ ಸರಾಗವಾಗಿ ಇಳಿಯದೆ ಕಾಯಿಲ್ ತಾನೇ ಸುಡುತ್ತದೆ, ಪಕ್ಕದಲ್ಲಿರುವ ಥರ್ಮೋಸ್ಟಾಟ್ ಆ ಬಿಸಿಗೆ ಮೋಸಹೋಗಿ ಬೇಗ ಕರೆಂಟ್ ನಿಲ್ಲಿಸುತ್ತದೆ. ಇನ್ನೊಂದು ಮಾತು ನೆನಪಿಡಿ: ನೀರು ಹೆಚ್ಚು ಕಾದಷ್ಟೂ ಸುಣ್ಣ ಹೆಚ್ಚು ಕಟ್ಟುತ್ತದೆ. ನಾಬನ್ನು ಕೊನೆಗೆ ತಿರುಗಿಸಿ ನೀವು ರೋಗವನ್ನೇ ಬೆಳೆಸುತ್ತಿದ್ದೀರಿ.

ಸರಿಯಾದ ಗೀಜರ್ ಹೇಗಿರಬೇಕು ಎಂಬ ಲೆಕ್ಕ ತಿಳಿದಿರಲಿ. 15 ಲೀಟರಿನ, 2,000 ವ್ಯಾಟಿನ ಗೀಜರ್ 25 ಡಿಗ್ರಿಯ ನೀರನ್ನು 60 ಡಿಗ್ರಿಗೆ ತರಲು ಸುಮಾರು 20 ನಿಮಿಷ ಸಾಕು. ದೀಪ ಬೇಗ ಆರಿಹೋಗಿ ನೀರು ಬೆಚ್ಚಗಷ್ಟೇ ಇದ್ದರೆ ಸುಣ್ಣ ಕಟ್ಟಿರಬೇಕು, ಇಲ್ಲವೇ ಥರ್ಮೋಸ್ಟಾಟ್ ಕೆಟ್ಟಿರಬೇಕು. ದೀಪ ಉರಿಯುತ್ತಲೇ ಇದ್ದು ನೀರು ತಣ್ಣಗಿದ್ದರೆ ಕಾಯಿಲ್ ಸುಟ್ಟಿರಬಹುದು. ಉರಿಯುತ್ತಲೇ ಇದೆ, ನೀರು ಕಾಯುತ್ತದೆ, ಆದರೆ ತೀರಾ ನಿಧಾನ ಎಂದರೆ ವೋಲ್ಟೇಜ್ ನೋಡಿಸಿ. ಹಳ್ಳಿಗಳಲ್ಲಿ ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ ಇಳಿಯುವುದು ಹೊಸದಲ್ಲ. 230 ಇರಬೇಕಾದದ್ದು 180ಕ್ಕೆ ಇಳಿದರೆ ಕಾಯಿಲಿನ ಶಕ್ತಿ ಸುಮಾರು ಶೇ. 60ಕ್ಕೆ ಬೀಳುತ್ತದೆ. ಆಗ ಗೀಜರಿನ ತಪ್ಪೇನೂ ಇಲ್ಲ.

ನೀರು ತುಂಬುವ ಹಬ್ಬಕ್ಕೆ ನಮ್ಮ ಹಿರಿಯರು ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದೇ ನೀರು ತುಂಬುತ್ತಿದ್ದರು. ಹಂಡೆಯ ಕರೆ ಕಣ್ಣಿಗೆ ಕಾಣುತ್ತಿತ್ತು, ಕೈ ತಾನಾಗಿ ತಿಕ್ಕುತ್ತಿತ್ತು. ಗೀಜರಿನ ಹೊಟ್ಟೆಯೊಳಗಿನದು ಕಾಣುವುದಿಲ್ಲ, ಅದಕ್ಕೇ ವರ್ಷಗಟ್ಟಲೆ ಮರೆತುಬಿಡುತ್ತೀರಿ. ದೀಪಾವಳಿಗೆ ಮೊದಲೇ ಒಬ್ಬ ಒಳ್ಳೆಯ ಮೆಕ್ಯಾನಿಕ್‌ನನ್ನು ಕರೆಸಿ. ಬೋರ್ ನೀರೇ ಗತಿ ಎನ್ನುವವರು ಆರು ತಿಂಗಳಿಗೊಮ್ಮೆ ತೊಳೆಸಿ. ಅವನು ಕೆಳಗಿನ ಬಿಲ್ಲೆ ಬಿಚ್ಚುವಾಗ ಎದುರಿಗೆ ನಿಂತು ನೋಡಿ. ಕೆಂಪು ಕೆಸರಿನ ಜೊತೆ ಬಿಳಿ ಚಕ್ಕೆಗಳು ಬಕೆಟ್ಟಿಗೆ ದಬದಬ ಬೀಳುತ್ತವೆ, ಕಾಯಿಲ್ ಹರಳು ಮೆತ್ತಿಕೊಂಡು ಎರಡರಷ್ಟು ದಪ್ಪಗಾಗಿರುತ್ತದೆ. ಒಮ್ಮೆ ಕಣ್ಣಾರೆ ಕಂಡರೆ ಮತ್ತೆ ಮರೆಯುವುದಿಲ್ಲ ನೀವು. ಒಳಗೆ ಮೆಗ್ನೀಷಿಯಂ ಕಡ್ಡಿಯೊಂದು ಇರುತ್ತದೆ. ತುಕ್ಕು ಟ್ಯಾಂಕಿಗೆ ತಗುಲದಂತೆ ತಾನು ಸವೆಯುವುದೇ ಅದರ ಕೆಲಸ. ಸವೆದಿದ್ದರೆ ಅದನ್ನೂ ಬದಲಿಸಲು ಹೇಳಿ. ಬಚ್ಚಲು ತೊಳೆಯುವ ಆಸಿಡ್ ಸುರಿಯಲು ಮಾತ್ರ ಬಿಡಬೇಡಿ. ಸೇಫ್ಟಿ ವಾಲ್ವಿನಿಂದ ಹನಿ ಬೀಳುತ್ತದೆಂದು ಬಟ್ಟೆ ಸುತ್ತಿ ಬಿಗಿಯುವ ಬುದ್ಧಿವಂತರೂ ಇದ್ದಾರೆ. ದಯವಿಟ್ಟು ಬೇಡ, ಹೆಚ್ಚಾದ ಒತ್ತಡ ಹೊರಹೋಗುವ ದಾರಿ ಅದೇ.

ಗೀಜರ್ ಸರಿಯಿದ್ದೂ ಬಿಸಿನೀರು ನಡುವೆ ತಣ್ಣಗಾಗುತ್ತದೆಯೇ? ಮಿಕ್ಸರ್ ನಳ ನೋಡಿ. ಎರಡೂ ಕಡೆ ತೆರೆದಿಟ್ಟು ಕೊನೆಯ ಶವರನ್ನಷ್ಟೇ ಮುಚ್ಚಿದರೆ ತಣ್ಣೀರು ಬಿಸಿನೀರಿನ ಪೈಪಿಗೆ ಸದ್ದಿಲ್ಲದೆ ನುಗ್ಗುತ್ತದೆ. ಜಳಕ ಮುಗಿದ ಮೇಲೆ ಎರಡನ್ನೂ ಮುಚ್ಚುವ ರೂಢಿ ಮಾಡಿಕೊಳ್ಳಿ.

ಮಾಳಿಗೆಯ ಮೇಲೆ ಸೋಲಾರ್ ಇಟ್ಟುಕೊಂಡವರಿಗೆ ಬೇರೆಯೇ ಮಾತು. ನಮ್ಮ ಕಡೆಯ ಕೆಂಧೂಳು ಗಾಜಿನ ಕೊಳವೆಗಳ ಮೇಲೆ ಕೂತರೆ ಎಷ್ಟೇ ಬಿಸಿಲಿದ್ದರೂ ನೀರು ಕಾಯುವುದು ಕಡಿಮೆಯಾಗುತ್ತದೆ. ಒರೆಸಿ, ಆದರೆ ಬೆಳಗಿನ ಜಾವ ಒರೆಸಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ಇಲ್ಲಿ ಚೆನ್ನಾಗಿ ಒಪ್ಪುತ್ತದೆ: ಬೇಸಿಗೆಯಲ್ಲಿ ನೀರು ಬಾರದೆ ಸೋಲಾರ್ ಒಣಗಿರುತ್ತದೆ, ಮಧ್ಯಾಹ್ನ ಟ್ಯಾಂಕರ್ ಬಂದ ಕೂಡಲೇ ನೀವು ವಾಲ್ವ್ ತೆರೆಯುತ್ತೀರಿ. ಖಾಲಿ ಕೊಳವೆ ಆ ಹೊತ್ತಿಗೆ ನೀರು ಕುದಿಯುವ ಬಿಸಿಯನ್ನೂ ಮೀರಿ ಕಾದಿರುತ್ತದೆ. ತಣ್ಣೀರು ಬಿದ್ದರೆ ಪಟಪಟನೆ ಒಡೆಯುತ್ತದೆ. ರಾತ್ರಿ ಆರಿದ ಮೇಲೆ, ಬೆಳಕು ಹರಿಯುವ ಮೊದಲು ತುಂಬಿಸಿ.

ಮಕ್ಕಳಿಗೆ, ವಯಸ್ಸಾದವರಿಗೆ ನೀರು ಹದ ಮಾಡುವಾಗ ಮೊದಲು ತಣ್ಣೀರು, ಆಮೇಲೆ ಬಿಸಿನೀರು. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಿನಲ್ಲಿ ಸುಡುತ್ತದೆ, ಎಳೆಯ ಚರ್ಮಕ್ಕೆ ಅಷ್ಟೂ ಬೇಡ. ಬಕೆಟ್ಟಿಗೆ ನೀರು ಬಿಟ್ಟುಕೊಂಡ ಮೇಲೆ ಗೀಜರಿನ ಸ್ವಿಚ್ ಆರಿಸಿಯೇ ಜಳಕಕ್ಕೆ ಕೂರಿ. ಅರ್ಥಿಂಗ್ ಇದೆಯೋ ಇಲ್ಲವೋ ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ. ಸಣ್ಣ ಪ್ಲಗ್ಗಿಗೆ ಸಿಕ್ಕಿಸಿ ಕೆಲಸ ನಡೆಸಬೇಡಿ, 16 ಆಂಪಿಯರಿನ ಪಾಯಿಂಟೇ ಬೇಕು.

ಗ್ಯಾಸ್ ಗೀಜರ್ ಇಟ್ಟವರಿಗೆ ನಾನು ಗದರಿಯೇ ಹೇಳುತ್ತೇನೆ: ಕಿಟಕಿ ಮುಚ್ಚಿದ ಬಚ್ಚಲುಮನೆಯೊಳಗೆ ಅದು ಇರಲೇಬಾರದು. ಅದು ಬಿಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಜಳಕ ಮಾಡುವಾಗ ತಲೆನೋವು, ತಲೆಸುತ್ತು ಬಂದರೆ ಸೋಪು ತೊಳೆಯಲೂ ನಿಲ್ಲಬೇಡಿ, ಬಾಗಿಲು ತೆರೆದು ಹೊರಗೆ ಬನ್ನಿ. ಇವತ್ತೇ ಅದನ್ನು ಬಿಚ್ಚಿಸಿ ಗಾಳಿಯಾಡುವ ಹೊರಗೋಡೆಗೆ ಹಾಕಿಸಿ.