ಬೆರಕೆ ಸೊಪ್ಪು ಆಯೋಣ, ಗುರುತು ಹಿಡಿದು ಆಯೋಣ

ನಾಲ್ಕು ಹದ ಮಳೆ ಬಿದ್ದರೆ ಸಾಕು, ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಶೇಂಗಾ ಹೊಲಗಳಲ್ಲಿ ಬೆಳೆಗಿಂತ ಮೊದಲು ಕೈಗೆ ಬರುವುದು ಬೆರಕೆ ಸೊಪ್ಪು. ಕಳೆ ತೆಗೆಯಲು ಹೋದ ಹೆಣ್ಣುಮಕ್ಕಳು ಸಂಜೆ ಮಡಿಲು ತುಂಬ ಸೊಪ್ಪು ತರುತ್ತಾರೆ. ರಾತ್ರಿ ರಾಗಿಮುದ್ದೆಗೆ ಬಸ್ಸಾರು, ಪಲ್ಯ ಎರಡೂ ಆಗುತ್ತವೆ. ವರ್ಷಕ್ಕೆ 500 ಮಿ.ಮೀ. ಆಸುಪಾಸಿನ ಮಳೆಯನ್ನು ನೆಚ್ಚಿದ ಈ ಬರದ ನೆಲದಲ್ಲಿ ಬಿತ್ತದೆ ಬೆಳೆಯುವ ಸೊಪ್ಪು ದೊಡ್ಡ ಆಸರೆ. ಆದರೆ ಹೆಸರು ಹೇಳಿ ಗುರುತಿಸಲಾಗದ ಗಿಡವನ್ನು ಮಡಿಲಿಗೆ ಹಾಕಬಾರದು. ಹೊಸದಾಗಿ ಆಯಲು ಹೊರಟವರು ಈ ಕ್ರಮ ಅನುಸರಿಸಿ.

1. ಜಾಗ ನೋಡಿಕೊಳ್ಳಿ

ಮೊದಲು ಹೊಲದವರನ್ನು ಎರಡು ಮಾತು ಕೇಳಿ: ಕಳೆನಾಶಕ ಹೊಡೆದಿದ್ದೀರಾ? ಯೂರಿಯಾ ಹಾಕಿದ್ದೀರಾ? ಕಳೆನಾಶಕ ಹೊಡೆದ ಹೊಲದ ಸೊಪ್ಪು ಹಸಿರಾಗಿ ಕಂಡರೂ ಬೇಡ. ಯೂರಿಯಾ ಹೆಚ್ಚು ಬಿದ್ದ ನೆಲದಲ್ಲಿ ಕೀರೆಯಂಥ ಸೊಪ್ಪು ನೈಟ್ರೇಟ್ ಹೀರಿಟ್ಟುಕೊಳ್ಳುತ್ತದೆ. ಪೇಟೆಯೊಳಗಾದರೆ ಚರಂಡಿ ಅಂಚು, ಹೆದ್ದಾರಿ ಬದಿ, ಕಸದ ತಿಪ್ಪೆ, ಎಣ್ಣೆ ಗಿರಣಿಗಳ ತ್ಯಾಜ್ಯ ಹರಿಯುವ ಜಾಗ ಬಿಟ್ಟುಬಿಡಿ. ಕುದಾಪುರ ಕಡೆ ಸಂಸ್ಥೆಗಳ ಬೇಲಿಯೊಳಗೆ ಸೇರಿರುವ ಹಳೆಯ ಅಮೃತಮಹಲ್ ಕಾವಲಿಗೆ ನುಗ್ಗಬೇಡಿ. ಅಶೋಕನ ಶಾಸನಗಳಿರುವ ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ರಕ್ಷಿತ ತಾಣಗಳು. ಅಲ್ಲಿ ನೆಲ ಕೆದಕುವುದು ಬೇಡ.

2. ಮೊದಲ ಮಳೆಗಾಲಕ್ಕೆ ನಾಲ್ಕೇ ಸೊಪ್ಪು ಕಲಿಯಿರಿ

ಗೋಣಿ ಸೊಪ್ಪು: ನೆಲಕ್ಕೆ ಹರಡಿದ ನಸುಗೆಂಪು ದಂಟು, ದಪ್ಪ ನುಣುಪು ಎಲೆ. ದಂಟು ಮುರಿದರೆ ನೀರು ಒಸರಬೇಕು. ಬಿಳಿ ಹಾಲು ಬಂದರೆ ಅದು ಗೋಣಿ ಸೊಪ್ಪಲ್ಲ, ಎಸೆಯಿರಿ.

ಅಣ್ಣೆ ಸೊಪ್ಪು: ನೆಟ್ಟಗೆ ಬೆಳೆದು ತುದಿಯಲ್ಲಿ ಬಿಳಿ–ನಸುಗೆಂಪು ತೆನೆಯಂಥ ಹೂ ಬಿಡುತ್ತದೆ. ಹೂ ಬರುವ ಮುನ್ನ ಕುಡಿ ಚಿವುಟಬೇಕು.

ತಗಚೆ: ಒಂದು ಕಡ್ಡಿಗೆ ಮೂರು ಜೋಡಿ ಎಲೆ, ಎಲೆಯ ತುದಿ ದುಂಡಗೆ. ಇದನ್ನೇ ಹೋಲುವ ಇನ್ನೊಂದು ಗಿಡಕ್ಕೆ ನಾಲ್ಕರಿಂದ ಆರು ಜೋಡಿ ಎಲೆ, ತುದಿ ಚೂಪು. ಅದರ ಬೀಜ ತಿಂದ ಮಕ್ಕಳು ಉತ್ತರ ಪ್ರದೇಶದಲ್ಲಿ ಜೀವ ಕಳೆದುಕೊಂಡಿದ್ದಾರೆ. ಕಡ್ಡಿ ಕಡ್ಡಿಯನ್ನೂ ಎಣಿಸಿ ನೋಡಿ.

ಗಣಿಕೆ: ಎಳೆಯ ಎಲೆ ಬೇಯಿಸಿ ತಿನ್ನಬಹುದು. ಹಸಿರು ಕಾಯಿ ವಿಷ, ಬಾಯಿಗೆ ಹಾಕಬಾರದು.

ಉಮ್ಮತ್ತಿ (ದತ್ತೂರಿ) ಮತ್ತು ಕಾಂಗ್ರೆಸ್ ಗಿಡದ ಎಳೆ ಸಸಿಗಳನ್ನೂ ಜೊತೆಗೇ ಗುರುತು ಮಾಡಿಕೊಳ್ಳಿ. ರಾಶಿಯಲ್ಲಿ ಅವು ನುಸುಳುವುದು ಎಳೆಯದರಲ್ಲೇ.

3. ಕುಡಿ ಚಿವುಟಿ, ಬೇರು ಬಿಡಿ

ಬೆಳಗಿನ ತಂಪಿನಲ್ಲಿ ಆಯಿರಿ. ಬದುವಿನಲ್ಲಿ ಕುಡಿ ಮಾತ್ರ ಚಿವುಟಿದರೆ ವಾರದಲ್ಲಿ ಮತ್ತೆ ಚಿಗುರುತ್ತದೆ. ನಾಲ್ಕಾರು ಗಿಡ ಬೀಜಕ್ಕೆ ಬಿಟ್ಟರೆ ಮುಂದಿನ ಮಳೆಗೂ ಸೊಪ್ಪಿದೆ.

4. ಮನೆಯಲ್ಲಿ ಇನ್ನೊಮ್ಮೆ ಸೋಸಿ

ಮೊರದಲ್ಲಿ ಹರಡಿ ಎಲೆ ಎಲೆಯಾಗಿ ನೋಡಿ. ಅನುಮಾನ ಬಂದದ್ದು ತಿಪ್ಪೆಗೆ. ಮೂರು ನೀರಿನಲ್ಲಿ ತೊಳೆದು ಚೆನ್ನಾಗಿ ಬೇಯಿಸಿ. ಗೋಣಿ, ಕೀರೆ ಸೊಪ್ಪಿನಲ್ಲಿ ಆಕ್ಸಲೇಟ್ ಹೆಚ್ಚು. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಅಂಥವರಿಗೆ ಬಸಿದ ನೀರಿನ ಸಾರು ಬೇಡ. ಹೊಸ ಸೊಪ್ಪನ್ನು ಮೊದಲ ದಿನ ಒಂದೆರಡು ತುತ್ತು ಮಾತ್ರ ತಿಂದು ನೋಡಿ.

5. ಅಣಬೆಗೆ ಬೇರೆಯೇ ನಿಯಮ

ತಿನ್ನುವ ಹುತ್ತದ ಅಣಬೆಯ ಕಾಂಡ ಬೇರಿನಂತೆ ಗೆದ್ದಲಿನ ಗೂಡಿನವರೆಗೆ ಇಳಿದಿರುತ್ತದೆ. ಗೋಮಾಳ, ಗೊಬ್ಬರದ ತಿಪ್ಪೆಯ ಬಳಿ ಏಳುವ ದೊಡ್ಡ ಬಿಳಿ ಕೊಡೆಗಳಲ್ಲಿ ಒಂದು ವಿಷದ ಜಾತಿಯಿದೆ. ಬಲಿತಾಗ ಅದರ ಕೊಡೆಯಡಿಯ ಪದರಗಳು ಹಸಿರಿಗೆ ತಿರುಗುತ್ತವೆ, ಎಳೆಯದರಲ್ಲಿ ಅವೂ ಬಿಳಿಯೇ. ಬೆಳ್ಳಿ ನಾಣ್ಯ ಕಪ್ಪಾಗುತ್ತದೆಯೇ, ಬೆಳ್ಳುಳ್ಳಿ ಬಣ್ಣ ಕೆಡುತ್ತದೆಯೇ, ಹುಳ ತಿಂದಿದೆಯೇ ಎಂಬ ಪರೀಕ್ಷೆಗಳನ್ನು ನಂಬಬೇಡಿ. ಕೆಲವು ಅಣಬೆಗಳ ವಿಷ ಕುದಿಸಿದರೂ ಹೋಗುವುದಿಲ್ಲ. ವರ್ಷಗಟ್ಟಲೆ ಅದೇ ಜಾತಿಯ ಅಣಬೆ ಆಯ್ದು ತಿಂದ ಹಿರಿಯರು ಪಕ್ಕದಲ್ಲಿ ನಿಂತು ಹೌದು ಎನ್ನದ ಹೊರತು ಕಾಡಿನ ಅಣಬೆ ಒಲೆಗೆ ಏರಬಾರದು.

6. ಎಚ್ಚರ ತಪ್ಪಿದರೆ

ಮಾರಕ ಅಣಬೆಯ ವಾಂತಿ–ಭೇದಿ ಆರು ಗಂಟೆ ಕಳೆದ ಮೇಲೆ, ಎಷ್ಟೋ ಸಲ ಮಾರನೆಯ ದಿನ ಶುರುವಾಗುತ್ತದೆ. ನಡುವೆ ಕಡಿಮೆಯಾದಂತೆ ಕಂಡರೂ ಒಳಗೆ ಯಕೃತ್ತು ಕೆಡುತ್ತಿರಬಹುದು. ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಿ. ಉಳಿದ ಸೊಪ್ಪು ಅಥವಾ ಅಣಬೆಯನ್ನು ಕಾಗದದಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ಯಿರಿ. ವೈದ್ಯರಿಗೆ ಅದೇ ದಾರಿ ತೋರುತ್ತದೆ.

ಯಾವ ಪುಸ್ತಕ, ಯಾವ ಮೊಬೈಲ್ ಚಿತ್ರವೂ ಕಳೆ ತೆಗೆಯುವ ಅಜ್ಜಿಯ ಬೆರಳಿಗೆ ಸಮವಲ್ಲ. ಎಲೆಯ ವಾಸನೆ, ದಂಟಿನ ಮುರಿತ, ಮಳೆಯ ಲೆಕ್ಕ ಎಲ್ಲವೂ ಅವರಿಗೆ ಗೊತ್ತು. ಕಳೆನಾಶಕ ಬಂದ ಹೊಲದಲ್ಲಿ ಸೊಪ್ಪು ಸಾಯುತ್ತದೆ, ಸೊಪ್ಪು ಆಯುವ ಕೆಲಸವೂ ನಿಲ್ಲುತ್ತದೆ, ಅದರ ಹಿಂದೆಯೇ ಹೆಸರುಗಳೂ ಹೋಗುತ್ತವೆ. ಈ ಮಳೆಗಾಲದಲ್ಲಿ ಒಂದು ಬೆಳಗ್ಗೆ ಮಕ್ಕಳನ್ನು ಕರೆದುಕೊಂಡು ಆ ಅಜ್ಜಿಯರ ಸಾಲಿನಲ್ಲಿ ಕೂತು ಕಳೆ ಕೀಳಿ. ನಾಲ್ಕು ಸೊಪ್ಪಿನ ಹೆಸರು ಕಲಿತು ಮನೆಗೆ ಬನ್ನಿ.