ಮಳೆಗಾಲದ ನಂತರ ಹುಲ್ಲುಹಾಸಿನ ಆರೈಕೆ

ಗೋವೆಯ ಉಸಗಾಂವದ ಓದುಗರೊಬ್ಬರ ಅಂಗಳದ ಗರಿಕೆ ಹಾಸು ಅಕ್ಟೋಬರಿನಲ್ಲಿ ಹಳದಿಗಟ್ಟಿ ಪಾಚಿ ಹಿಡಿಯಲು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಅಲ್ಲಿಯ ಜಂಬಿಟ್ಟಿಗೆ ಮಣ್ಣಿನ ಸಾರಜನಕವನ್ನೂ ಸುಣ್ಣದಂಶವನ್ನೂ ತೊಳೆದು ಅದನ್ನು ಆಮ್ಲೀಯಗೊಳಿಸುವುದೇ, ಅಂದರೆ ಅದರ ಹುಳಿಗುಣ ಹೆಚ್ಚಿಸುವುದೇ, ಮುಖ್ಯ ಕಾರಣವಾಗಿರುವ ಸಾಧ್ಯತೆಯಿದೆ. ಶೀತದೇಶಗಳ ಕೈಪಿಡಿಗಳು ಶರತ್ಕಾಲಕ್ಕೆ ಹೇಳುವ ಕ್ರಮಗಳು ಇಲ್ಲಿಗೆ ಹೊಂದುವುದಿಲ್ಲ. ಏಕೆಂದರೆ ಹಿಮವಿಲ್ಲದ ಗೋವೆಯಲ್ಲಿ ಗರಿಕೆ ಚಳಿಗಾಲದಲ್ಲೂ ಬೆಳೆಯುತ್ತದೆ.

ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಆಮ್ಲೀಯತೆ ಖಚಿತವಾದರೆ ಮಾತ್ರ ಕೃಷಿ ಸುಣ್ಣವನ್ನು ಎರಚಬೇಕು. ತೊಳೆದುಹೋದ ಸಾರಜನಕಕ್ಕಾಗಿ ಹಾಕುವ ಯೂರಿಯಾ ಸುಣ್ಣದೊಡನೆ ಬೆರೆತರೆ ಆ ಸಾರಜನಕ ಅಮೋನಿಯಾ ಅನಿಲವಾಗಿ ಹಾರಿಹೋಗುವುದರಿಂದ, ಎರಡರ ನಡುವೆ ಕೆಲವು ವಾರಗಳ ಅಂತರವಿಡುವುದು ಅವಶ್ಯಕ. ಮಳೆಯ ಹೊಡೆತಕ್ಕೆ ಗಟ್ಟಿಯಾದ ನೆಲವನ್ನು ಕವಲುಗೋಲಿನಿಂದ ಚುಚ್ಚಿ ಬೇರಿಗೆ ಗಾಳಿ ಒದಗಿಸುವ ಕ್ರಿಯೆಯನ್ನು ಗಾಳಿಯಾಡಿಸುವಿಕೆ ಎನ್ನುತ್ತಾರೆ. ಆ ರಂಧ್ರಗಳಿಗೆ ಜರಡಿ ಹಿಡಿದ ಎರೆಗೊಬ್ಬರ ತುಂಬುವುದು ಉತ್ತಮ. ಕತ್ತರಿಸುವಾಗ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು.