ನಿಂತ ಯಂತ್ರದ ಲೆಕ್ಕ ಇಡುವುದು ಹೇಗೆ

ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ನಾಲ್ಕಾರು ಸಿಎನ್‌ಸಿ ಯಂತ್ರ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರನ್ನು ‘ಯಂತ್ರ ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ?’ ಎಂದು ಕೇಳಿದರೆ, ‘ಎರಡು ಶಿಫ್ಟ್’ ಎಂಬ ಉತ್ತರ ಬರುತ್ತದೆ. ಅದು ಶೆಡ್ ತೆರೆದಿರುವ ಹೊತ್ತು. ಟೂಲ್ ಲೋಹ ಕತ್ತರಿಸುವ ಹೊತ್ತು ಅದಕ್ಕಿಂತ ಕಡಿಮೆ. ಎಷ್ಟು ಕಡಿಮೆ ಎಂಬುದು ಲಾಗ್‌ಬುಕ್ ತೆರೆದರೂ ತಿಳಿಯುವುದಿಲ್ಲ. ಶಿಫ್ಟ್ ಮುಗಿಯುವಾಗ ನೆನಪಿನಿಂದ ಬರೆದ ಲೆಕ್ಕದಲ್ಲಿ ಒಂದು ಗಂಟೆಯ ಬ್ರೇಕ್‌ಡೌನ್ ಇರುತ್ತದೆ. ಐದೈದು ನಿಮಿಷದಂತೆ ಹತ್ತು ಸಲ ನಿಂತದ್ದು ಇರುವುದಿಲ್ಲ.

ಯಂತ್ರ ಯಾವಾಗ ನಿಂತಿತು, ಮತ್ತೆ ಯಾವಾಗ ಹೊರಟಿತು ಎಂದು ತಾನೇ ದಾಖಲಿಸುವ ಮಾನಿಟರಿಂಗ್ ಸಾಫ್ಟ್‌ವೇರ್ ಈಗ ಸಣ್ಣ ಶೆಡ್ಡುಗಳಿಗೂ ಎಟಕುತ್ತದೆ. ಆದರೆ ನಿಂತದ್ದಷ್ಟೇ ಅದಕ್ಕೆ ಗೊತ್ತು. ಯಾಕೆ ನಿಂತಿತು ಎಂಬುದು ಎದುರಿಗಿರುವ ಆಪರೇಟರಿಗೆ ಗೊತ್ತು. ಅವರು ಅದನ್ನು ಹೆದರದೆ ಹೇಳುವ ಏರ್ಪಾಡು ಮಾಡದೆ ಗೋಡೆಗೆ ಪರದೆ ಹಾಕಿದರೆ ದುಡ್ಡು ದಂಡ.

ಮೊದಲ ವಾರ ಕಾಗದದಲ್ಲೇ

ಸಾಫ್ಟ್‌ವೇರ್ ಕೊಳ್ಳುವ ಮುನ್ನ ಒಂದು ಯಂತ್ರ ಆರಿಸಿ. ಯಾವುದರ ಮುಂದೆ ಜಾಬ್‌ಗಳು ಯಾವಾಗಲೂ ಸಾಲುಗಟ್ಟಿ ಕಾಯುತ್ತವೋ ಅದೇ ಇರಲಿ. ಅಲ್ಲಿ ಉಳಿದ ಒಂದು ಗಂಟೆ ಇಡೀ ಶೆಡ್ಡಿಗೆ ಉಳಿದಂತೆ. ಬೇರೆ ಯಂತ್ರದಲ್ಲಿ ಉಳಿಸಿದ ಗಂಟೆಯಿಂದ ಆ ಸಾಲು ಇನ್ನಷ್ಟು ಉದ್ದವಾಗಬಹುದು, ಅಷ್ಟೆ. ಯಂತ್ರದ ಪಕ್ಕದಲ್ಲಿ ಒಂದು ಹಾಳೆ ಇಟ್ಟು, ನಿಂತಾಗಲೆಲ್ಲ ಸಮಯ ಮತ್ತು ಕಾರಣ ಬರೆಯಲು ಆಪರೇಟರುಗಳಿಗೆ ಹೇಳಿ. ವಾರ ಕಳೆಯುವಷ್ಟರಲ್ಲಿ ನಿಮ್ಮ ಶೆಡ್ಡಿನದೇ ಕಾರಣಗಳ ಪಟ್ಟಿ, ಅವರದೇ ಮಾತಿನಲ್ಲಿ, ಕೈಯಲ್ಲಿರುತ್ತದೆ. ಮುಂದೆ ಸಾಫ್ಟ್‌ವೇರಿಗೆ ತುಂಬಬೇಕಾದ ಪಟ್ಟಿ ಇದೇ.

ಜೋಡಣೆ

ಯಂತ್ರದ ಕಂಟ್ರೋಲರಿನಲ್ಲಿ ಈಥರ್ನೆಟ್ ಪೋರ್ಟ್ ಇದ್ದರೆ ಕೆಲಸ ಹಗುರ. ಫಾನುಕ್ ಕಂಟ್ರೋಲರಿನಿಂದ ‘ಫೋಕಾಸ್’ ಮೂಲಕ, ಹೊಸ ಸೀಮೆನ್ಸ್ ಕಂಟ್ರೋಲರಿನಿಂದ ‘ಓಪಿಸಿ ಯುಎ’ ಮೂಲಕ ಮಾಹಿತಿ ತೆಗೆಯಬಹುದು. ಬೇರೆ ಬೇರೆ ಕಂಪನಿಯ ಯಂತ್ರಗಳನ್ನು ಒಂದೇ ಭಾಷೆಯಲ್ಲಿ ಮಾತಾಡಿಸಲು ‘ಎಂಟಿಕನೆಕ್ಟ್’ ಎಂಬ ಮುಕ್ತ ಮಾನದಂಡವೂ ಇದೆ. ಕೆಲವು ಕಂಟ್ರೋಲರುಗಳಿಗೆ ಹೀಗೆ ಮಾಹಿತಿ ತೆಗೆಯುವ ಲೈಸೆನ್ಸನ್ನು ಬೇರೆಯಾಗಿ ಕೊಳ್ಳಬೇಕು. ಯಂತ್ರ ಮಾರಿದವರನ್ನು ಮೊದಲೇ ಕೇಳಿ.

ಪೋರ್ಟ್ ಇಲ್ಲದ ಸಿಎನ್‌ಸಿ ಆದರೆ ಟವರ್ ಲ್ಯಾಂಪಿನ ಹಸಿರು, ಹಳದಿ, ಕೆಂಪು ದೀಪಗಳ ಸಿಗ್ನಲ್ ತೆಗೆದುಕೊಳ್ಳುತ್ತಾರೆ. ಹಳೆಯ ಲೇತ್ ಆದರೆ ಮೋಟರಿನ ತಂತಿಗೆ ಕರೆಂಟ್ ಸೆನ್ಸರ್ ಕಚ್ಚಿಸುತ್ತಾರೆ. ಆದರೆ ಕ್ಲಚ್ ಇರುವ ಲೇತ್‌ನಲ್ಲಿ ಜಾಬ್ ನಿಂತರೂ ಮೋಟರ್ ತಿರುಗುತ್ತಲೇ ಇರುತ್ತದೆ. ಬರಿದೆ ತಿರುಗುವಾಗ ಎಷ್ಟು ಆಂಪಿಯರ್, ಕಟ್ ತೆಗೆಯುವಾಗ ಎಷ್ಟು ಎಂದು ಅಳೆದು ನಡುವೆ ಗೆರೆ ಹಾಕದಿದ್ದರೆ ಪರದೆ ದಿನವಿಡೀ ಹಸಿರಾಗಿರುತ್ತದೆ. ಪ್ಯಾನಲ್ ಒಳಗಿನ ಕೆಲಸವನ್ನು ಮೇನ್ಸ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನರೇ ಮಾಡಲಿ.

ಮಾಹಿತಿ ಕಳಿಸುವ ಪೆಟ್ಟಿಗೆಗೆ ಯುಪಿಎಸ್ ಬೇಕೇ ಬೇಕು. ಕರೆಂಟ್ ಹೋದಾಗ ಯಂತ್ರದ ಜತೆ ಅದೂ ಸತ್ತರೆ, ಆ ಹೊತ್ತು ಯಾವ ಲೆಕ್ಕಕ್ಕೂ ಸೇರದೆ ಹೋಗುತ್ತದೆ. ಯಂತ್ರಗಳ ನೆಟ್‌ವರ್ಕನ್ನು ಆಫೀಸಿನ ಕಂಪ್ಯೂಟರುಗಳಿಂದ ಬೇರೆಯಾಗಿಡಿ. ಹಳೆಯ ಕಂಟ್ರೋಲರುಗಳನ್ನು ನೇರವಾಗಿ ಇಂಟರ್ನೆಟ್ಟಿಗೆ ಸೇರಿಸಬೇಡಿ.

ಕಾರಣ ಹೇಳುವ ಗುಂಡಿಗಳು

ಇಡೀ ವ್ಯವಸ್ಥೆ ಗೆಲ್ಲುವುದೂ ಸೋಲುವುದೂ ಇಲ್ಲೇ. ಯಂತ್ರ ನಿಂತಾಗ ಆಪರೇಟರ್ ಮುಂದಿನ ಟ್ಯಾಬ್ ಕಾರಣ ಕೇಳುತ್ತದೆ. ಸಾಫ್ಟ್‌ವೇರ್ ಜತೆ ಬರುವ ಐವತ್ತು ಕಾರಣಗಳ ಪಟ್ಟಿಯನ್ನು ಹಾಗೇ ಬಿಟ್ಟರೆ ಯಾರೂ ಕೆಳಗಿನವರೆಗೆ ಓದುವುದಿಲ್ಲ, ಮೇಲಿನದನ್ನು ಒತ್ತಿ ಮುಗಿಸುತ್ತಾರೆ. ಎಂಟು ಹತ್ತು ಸಾಕು: ಸೆಟ್ಟಿಂಗ್, ಫಸ್ಟ್ ಪೀಸ್ ಇನ್‌ಸ್ಪೆಕ್ಷನ್‌ಗೆ ಕಾಯುತ್ತಿದೆ, ಇನ್ಸರ್ಟ್ ಬದಲಾವಣೆ, ಟೂಲ್ ಇಲ್ಲ, ಮೆಟೀರಿಯಲ್ ಬಂದಿಲ್ಲ, ಬ್ರೇಕ್‌ಡೌನ್, ಕರೆಂಟ್ ಇಲ್ಲ, ಆರ್ಡರ್ ಇಲ್ಲ. ‘ಇತರೆ’ ಕೊನೆಯಲ್ಲಿರಲಿ. ತಿಂಗಳ ಕೊನೆಗೆ ‘ಇತರೆ’ಯೇ ದೊಡ್ಡದಾಗಿದ್ದರೆ ಪಟ್ಟಿ ಸರಿಯಿಲ್ಲ ಎಂದರ್ಥ, ಆಪರೇಟರ್ ಸರಿಯಿಲ್ಲ ಎಂದಲ್ಲ.

ಎರಡು ಮೂರು ನಿಮಿಷದೊಳಗೆ ಮತ್ತೆ ಹೊರಟರೆ ಕಾರಣ ಕೇಳದಿರುವಂತೆ ಸೆಟ್ ಮಾಡಿ. ಗುಂಡಿಗಳ ಮೇಲೆ ಅವರು ಓದುವ ಭಾಷೆ ಇರಲಿ. ಕನ್ನಡದವರಿಗೆ ಕನ್ನಡ, ಒಡಿಶಾದಿಂದ ಬಂದವರಿಗೆ ಒಡಿಯಾ, ಬಿಹಾರದಿಂದ ಬಂದವರಿಗೆ ಹಿಂದಿ, ಜತೆಗೆ ಚಿತ್ರ. ‘ಆಪರೇಟರ್ ಇಲ್ಲ’ ಎಂಬ ಗುಂಡಿ ಇಡಬೇಡಿ. ಒಬ್ಬರಿಗೆ ಎರಡು ಯಂತ್ರ ಒಪ್ಪಿಸಿದವರು ನಾವು. ಅವರು ಪಕ್ಕದ ಯಂತ್ರದಲ್ಲಿದ್ದರೆ ‘ಇನ್ನೊಂದು ಯಂತ್ರದಲ್ಲಿ ಕೆಲಸ’ ಎಂದೇ ಬರೆಯಬೇಕು.

ಈ ಲೆಕ್ಕ ಹಿಡಿದು ಯಾರ ಸಂಬಳವನ್ನೂ ಕತ್ತರಿಸುವುದಿಲ್ಲ ಎಂದು ಮಾಲೀಕರು ಎಲ್ಲರ ಎದುರು ಹೇಳಬೇಕು, ಹಾಗೇ ನಡೆದುಕೊಳ್ಳಬೇಕು. ಒಂದು ಸಲ ಬೈಗುಳ ಬಿದ್ದರೆ ಮರುದಿನದಿಂದ ಎಲ್ಲ ನಿಲುಗಡೆಯೂ ‘ಸೆಟ್ಟಿಂಗ್’ ಆಗುತ್ತದೆ.

ಒಂದು ಶಿಫ್ಟಿನ ಲೆಕ್ಕ

ಜಪಾನಿನ ಸೇಯಿಚಿ ನಕಾಜಿಮ ಪ್ರಚುರಪಡಿಸಿದ ಓಇಇ (ಓವರಾಲ್ ಇಕ್ವಿಪ್‌ಮೆಂಟ್ ಎಫೆಕ್ಟಿವ್‌ನೆಸ್) ಎಂಬ ಅಳತೆಯನ್ನೇ ಬಹುತೇಕ ಸಾಫ್ಟ್‌ವೇರುಗಳು ತೋರಿಸುತ್ತವೆ. ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ. 480 ನಿಮಿಷದ ಶಿಫ್ಟಿನಲ್ಲಿ ಊಟ, ಚಹಾಕ್ಕೆ 50 ಕಳೆದರೆ 430. ಸೆಟ್ಟಿಂಗ್ 45, ಮೆಟೀರಿಯಲ್ ಇಲ್ಲದೆ 35, ಇನ್‌ಸ್ಪೆಕ್ಷನ್‌ಗೆ ಕಾದದ್ದು 20, ಬ್ರೇಕ್‌ಡೌನ್ 15. ಒಟ್ಟು 115 ನಿಮಿಷ ನಿಂತು 315 ನಿಮಿಷ ಓಡಿದೆ. ಲಭ್ಯತೆ ಶೇ 73.3. ಒಂದು ಪೀಸಿಗೆ 3 ನಿಮಿಷದಂತೆ 105 ಬರಬೇಕಿತ್ತು, 91 ಬಂದಿದೆ; ವೇಗ ಶೇ 86.7. ಆ 91ರಲ್ಲಿ ಸರಿಯಿರುವವು 88. ಗುಣಮಟ್ಟ ಶೇ 96.7. ಮೂರನ್ನೂ ಗುಣಿಸಿದರೆ ಓಇಇ ಸುಮಾರು ಶೇ 61.

ಈ ಲೆಕ್ಕದಲ್ಲಿ ಎಲ್ಲರೂ ಬೈಯುವ ಬ್ರೇಕ್‌ಡೌನ್ ಬರೀ 15 ನಿಮಿಷ ಎಂಬುದನ್ನು ನೋಡಿ. ವೇಗದ ಸಂಖ್ಯೆಯನ್ನೂ ಅಲಕ್ಷಿಸಬೇಡಿ. ಇನ್ಸರ್ಟ್ ಬೇಗ ಮುರಿಯುತ್ತದೆಂದು ಆಪರೇಟರ್ ಫೀಡ್ ಓವರ್‌ರೈಡನ್ನು ಶೇ 80ಕ್ಕೆ ಇಳಿಸಿದರೆ ಯಂತ್ರ ಓಡುತ್ತಲೇ ಇರುತ್ತದೆ, ದೀಪ ಹಸಿರೇ ಇರುತ್ತದೆ, ಪೀಸು ಮಾತ್ರ ಕಡಿಮೆ ಬರುತ್ತದೆ. ಆಗ ಕೇಳಬೇಕಾದದ್ದು ‘ಯಾಕೆ ಇಳಿಸಿದೆ?’ ಎಂದಲ್ಲ, ‘ಈ ಮೆಟೀರಿಯಲ್‌ಗೆ ಈ ಗ್ರೇಡ್ ಇನ್ಸರ್ಟ್ ಸರಿಯೇ?’ ಎಂದು. ಆಪರೇಟರ್ ಅಲ್ಲಿ ಟೂಲನ್ನು ಕಾಪಾಡುತ್ತಿದ್ದಾರೆ.

ನಕಾಜಿಮ ಹೇಳಿದ ಶೇ 85ರ ಗುರಿಯನ್ನು ಕಂಡು ಎದೆಗುಂದಬೇಕಿಲ್ಲ. ಒಂದೇ ಪೀಸನ್ನು ತಿಂಗಳುಗಟ್ಟಲೆ ಮಾಡುವ ಲೈನಿಗೂ ದಿನಕ್ಕೆ ಮೂರು ಸಲ ಜಾಬ್ ಬದಲಿಸುವ ಶೆಡ್ಡಿಗೂ ಒಂದೇ ಅಳತೆಗೋಲು ಹಿಡಿಯುವುದು ಅನ್ಯಾಯ. ನಿಮ್ಮ ಕಳೆದ ತಿಂಗಳಿನ ಜತೆ ಈ ತಿಂಗಳನ್ನು ಹೋಲಿಸಿ.

ಪ್ರತಿದಿನ ಹತ್ತು ನಿಮಿಷ

ಬೆಳಗಿನ ಶಿಫ್ಟ್ ಶುರುವಾಗುವಾಗ ಸೂಪರ್‌ವೈಸರ್, ಆಪರೇಟರ್, ಇನ್‌ಸ್ಪೆಕ್ಷನ್‌ನವರು ಪರದೆಯ ಎದುರು ನಿಂತು ನಿನ್ನೆಯ ದೊಡ್ಡ ಕಾರಣ ಒಂದನ್ನೇ ಎತ್ತಿಕೊಳ್ಳಲಿ. ಯಾರು ಏನು ಮಾಡುತ್ತಾರೆ, ಎಂದಿನೊಳಗೆ ಎಂದು ಬರೆದಿಟ್ಟು ಕೆಲಸಕ್ಕೆ ಹೋಗಲಿ.

ಸೆಟ್ಟಿಂಗೇ ದೊಡ್ಡದಾದರೆ ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಅವರ ದಾರಿ ಹಿಡಿಯಿರಿ. 1969ರಲ್ಲಿ ಟೊಯೊಟಾದ 1,000 ಟನ್ ಪ್ರೆಸ್ಸಿನ ಡೈ ಬದಲಾವಣೆಗೆ ನಾಲ್ಕು ಗಂಟೆ ಹಿಡಿಯುತ್ತಿತ್ತು. ಅದನ್ನು ಅವರು ಮೊದಲು ಒಂದೂವರೆ ಗಂಟೆಗೆ, ಆಮೇಲೆ ಮೂರು ನಿಮಿಷಕ್ಕೆ ಇಳಿಸಿದರು. ಯಂತ್ರ ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮಾಡಿಡಬಹುದಾದದ್ದು ಯಾವುದು ಎಂದು ಬೇರ್ಪಡಿಸುವುದೇ ಅದರ ತಿರುಳು. ನಮ್ಮ ಶೆಡ್ಡಿನಲ್ಲಿ ಅಂದರೆ, ಈಗಿನ ಜಾಬ್ ಓಡುತ್ತಿರುವಾಗಲೇ ಮುಂದಿನ ಜಾಬಿನ ಜಾ, ಟೂಲ್ ಹೋಲ್ಡರ್, ಗೇಜ್, ಡ್ರಾಯಿಂಗ್ ಒಂದು ಟ್ರಾಲಿಯಲ್ಲಿ ಯಂತ್ರದ ಪಕ್ಕ ಬಂದಿರಬೇಕು. ಸ್ಟೋರಿಗೆ ಓಡಾಡುವ ಹೊತ್ತೇ ಸೆಟ್ಟಿಂಗಿನಲ್ಲಿ ಎಷ್ಟಿತ್ತು ಎಂಬುದು ಆಗ ತಿಳಿಯುತ್ತದೆ.

ಆರ್ಡರ್ ಇಲ್ಲದ ದಿನ ಯಂತ್ರ ನಿಲ್ಲಲಿ, ‘ಆರ್ಡರ್ ಇಲ್ಲ’ ಎಂದೇ ದಾಖಲಾಗಲಿ. ಸಂಖ್ಯೆ ಚೆನ್ನಾಗಿ ಕಾಣಲೆಂದು ಯಾರೂ ಕೇಳದ ಪೀಸು ಮಾಡಿ ರ‍್ಯಾಕ್ ತುಂಬಿಸಿದರೆ ಮೆಟೀರಿಯಲ್ಲಿನ ದುಡ್ಡು ಅಲ್ಲೇ ತುಕ್ಕು ಹಿಡಿಯುತ್ತದೆ.

ಸಾಫ್ಟ್‌ವೇರ್ ಮಾರುವವರೊಡನೆ ಮಾತಾಡುವಾಗ ಒಂದು ಯಂತ್ರದಲ್ಲಿ ಒಂದು ತಿಂಗಳ ಟ್ರಯಲ್ ಕೇಳಿ. ಇಂಟರ್ನೆಟ್ ಹೋದಾಗ ಮಾಹಿತಿ ಪೆಟ್ಟಿಗೆಯಲ್ಲೇ ಉಳಿದು ಆಮೇಲೆ ಸೇರುತ್ತದೆಯೇ, ಪೂರ್ತಿ ದಾಖಲೆಯನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಬಹುದೇ, ಚಂದಾ ನಿಲ್ಲಿಸಿದರೆ ಹಳೆಯ ದಾಖಲೆ ನಮ್ಮ ಕೈಗೆ ಬರುತ್ತದೆಯೇ ಎಂಬ ಮೂರಕ್ಕೂ ಉತ್ತರವನ್ನು ಬರಹದಲ್ಲೇ ಪಡೆಯಿರಿ. ಟ್ರಯಲಿನ ತಿಂಗಳು ಕಾರಣದ ಗುಂಡಿ ಒತ್ತಿದವರನ್ನೂ ಕೂರಿಸಿಕೊಂಡು, ಕೊಳ್ಳಬೇಕೋ ಬೇಡವೋ ಎಂದು ಅವರನ್ನೇ ಮೊದಲು ಕೇಳಿ.